ಇಂಗುಗುಂಡಿಯಿಂದ ಹೊಳೆಯವರೆಗೆ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯೆನಿಸಿ, ಹರಿಹರ, ಹಂಪಿಗಳನ್ನು ದಾಟಿ ಹರಿಯುತ್ತವೆ. ಈ ನೀರನ್ನು ನಾವು ಕುಡಿಯುತ್ತೇವೆ, ಇದರಲ್ಲಿ ಮೀಯುತ್ತೇವೆ, ಹೊಲಗದ್ದೆಗಳಿಗೆ ಹಾಯಿಸುತ್ತೇವೆ. ಆದರೆ ಒಳಚರಂಡಿಯಿಲ್ಲದ ಊರುಗಳಲ್ಲಿ ನಮ್ಮ ಶೌಚಾಲಯದ ನೀರು ಕೊನೆಗೆ ಎಲ್ಲಿ ಸೇರುತ್ತದೆಂಬುದನ್ನು ವಿಚಾರಿಸುವುದು ಅಪರೂಪ.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ಹೊಲಸಿನ ಚಿಂತೆ ತೀರಿತೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅಲ್ಲಿ ತಂಗುವುದು ಬಹುಮಟ್ಟಿಗೆ ಗಟ್ಟಿ ಪದಾರ್ಥ ಮಾತ್ರ. ಸಾರಜನಕದ ಬಹುಪಾಲು ಮೂತ್ರದಲ್ಲಿರುತ್ತದೆ. ಅದು ನೀರಿನಲ್ಲಿ ಕರಗಿ ಅಮೋನಿಯಾ ರೂಪದಲ್ಲಿ ಇಂಗುಗುಂಡಿಗೆ ಇಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಡಲಾರದು. ಅದು ಅಂತರ್ಜಲದೊಡನೆ ಸಾಗಿ ಬಾವಿಯನ್ನೂ ಹಳ್ಳವನ್ನೂ ಹೊಳೆಯನ್ನೂ ಸೇರುತ್ತದೆ. ಹೊಳೆಯಲ್ಲಿ ಪಾಚಿ ಬೆಳೆದು ಕೊಳೆತಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ. ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಯ ಶಿಶುಗಳಿಗೆ ಕುಡಿಸಿದರೆ, ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಂಡು ತುಟಿ, ಉಗುರುಗಳು ನೀಲಿಗಟ್ಟಬಹುದು, ಪ್ರಾಣಕ್ಕೂ ಅಪಾಯವಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಪರಿಹಾರಗಳು ನಮ್ಮ ಕೈಯಲ್ಲೇ ಇವೆ. ಇಂಗುಗುಂಡಿಯು ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಲಿ. ಬಾವಿ, ಕೊಳವೆಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸೋಣ. ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದಲೇ ಟ್ಯಾಂಕನ್ನು ಬರಿದು ಮಾಡಿಸೋಣ. ಮನುಷ್ಯರನ್ನು ಅದರೊಳಗೆ ಇಳಿಸುವುದು ಅಮಾನವೀಯ. 2013ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ತೆಗೆದ ಕೆಸರು ಹಳ್ಳಕ್ಕೆ ಸೇರದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಸಂಸ್ಕರಣಾ ಘಟಕದಲ್ಲಿ ಇಂತಹ ಕೆಸರೇ ಹೊಲಕ್ಕೆ ಗೊಬ್ಬರವಾಗುತ್ತಿದೆ.

ಆದರೆ ಕೆಸರನ್ನು ತೆಗೆದ ಮಾತ್ರಕ್ಕೆ ನೀರಿನಲ್ಲಿ ಕರಗಿದ ಸಾರಜನಕ ಹೋಗದು. ಶಾಲೆ, ದಾಸೋಹ ಭವನ, ವಿದ್ಯಾರ್ಥಿನಿಲಯಗಳಂತಹ ಸ್ಥಳಗಳಲ್ಲಿ ಟ್ಯಾಂಕಿನ ನೀರನ್ನು ಜೊಂಡು, ಕಾಬಾಳೆ ಬೆಳೆಸಿದ ಜಲ್ಲಿಯ ಪಾತಿಗಳ ಮೂಲಕ ಹರಿಸಬಹುದು. ಸಸ್ಯಗಳು ಸಾರಜನಕದ ಒಂದು ಭಾಗವನ್ನು ಹೀರುತ್ತವೆ. ಪಾತಿಯ ಗಾಳಿಯಾಡದ ಭಾಗದಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನಿರಪಾಯವಾದ ಸಾರಜನಕ ಅನಿಲವನ್ನಾಗಿಸಿ ಗಾಳಿಗೆ ಬಿಡುತ್ತವೆ.

ನಮ್ಮ ಹಿತ್ತಿಲಿನಿಂದ ಇಂಗಿದ ನೀರನ್ನೇ ಕೆಳಗಿನ ಊರಿನ ತಾಯಿಯೊಬ್ಬಳು ತನ್ನ ಮಗುವಿಗೆ ಕುಡಿಸುತ್ತಿರಬಹುದು. ಹೊಳೆಯ ಶುಚಿತ್ವ ಮನೆಯ ಹಿತ್ತಿಲಿನಿಂದಲೇ ಆರಂಭವಾಗಬೇಕು.