ನಿಮಗಿದು ಗೊತ್ತೆ? ಹಾಲಿನ ಕೊಬ್ಬು, ಪಿತ್ತರಸ ಮತ್ತು ಕರುಳಿನ ಕಾವಲು
ತಿಂದ ಕೊಬ್ಬು ಜೀರ್ಣವಾಗಲು ಯಕೃತ್ತು ಪಿತ್ತರಸವನ್ನು ತಯಾರಿಸುತ್ತದೆ. ಕೊಬ್ಬಿನ ಬಗೆ ಬದಲಾದರೆ ಆ ರಸದ ಸಂಯೋಜನೆಯೂ ಬದಲಾಗಬಹುದು. ಕರುಳಿನ ರೋಗನಿರೋಧಕ ವ್ಯವಸ್ಥೆಗೆ ಅದರ ಬಿಸಿ ತಟ್ಟುವುದು ಅಲ್ಲಿನ ಬ್ಯಾಕ್ಟೀರಿಯಾಗಳ ಮೂಲಕ.

2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನ ಇದನ್ನು ಇಲಿಗಳಲ್ಲಿ ತೋರಿಸಿತು. ಹಾಲಿನ ಕೊಬ್ಬು ತಿಂದ ಇಲಿಗಳ ಪಿತ್ತರಸದಲ್ಲಿ ಟಾರಿನ್ ಸೇರಿದ ಪಿತ್ತಾಮ್ಲ ಹೆಚ್ಚಿತು. ಟಾರಿನ್‌ನಲ್ಲಿ ಗಂಧಕವಿದೆ. ಸಾಮಾನ್ಯವಾಗಿ ತೀರಾ ಕಡಿಮೆ ಇರುವ, ಗಂಧಕದ ಸಂಯುಕ್ತಗಳನ್ನು ಬಳಸಿ ಬದುಕುವ ಬೈಲೋಫೈಲಾ ವಾಡ್ಸ್‌ವರ್ತಿಯಾ ಎಂಬ ಬ್ಯಾಕ್ಟೀರಿಯಾ (ಹೆಸರೇ ಹೇಳುವಂತೆ ಅದು ಪಿತ್ತಪ್ರಿಯ) ಆಗ ಹುಲುಸಾಗಿ ಬೆಳೆಯಿತು. ಅದಕ್ಕೆ ಪ್ರತಿಯಾಗಿ ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ಕೆರಳಿ, ದೊಡ್ಡಕರುಳಿನ ಉರಿಯೂತ ಹೆಚ್ಚಿತು. ಎಲ್ಲ ಇಲಿಗಳಲ್ಲೂ ಅಲ್ಲ. ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನನ್ನು ತಯಾರಿಸಲಾಗದ ಇಲಿಗಳಲ್ಲಿ. ಈ ವಿವರ ಬಹಳ ಮುಖ್ಯ: ಈ ಅಧ್ಯಯನವೊಂದನ್ನೇ ಹಿಡಿದು ಬೆಣ್ಣೆ, ತುಪ್ಪವನ್ನು ದೂರುವಂತಿಲ್ಲ.

ಅಷ್ಟೇ ಪ್ರಮಾಣದ ಕುಸುಬೆ ಎಣ್ಣೆ ತಿಂದ ಇಲಿಗಳಲ್ಲಿ ಆ ಬ್ಯಾಕ್ಟೀರಿಯಾ ತಲೆ ಎತ್ತಲಿಲ್ಲ.

ತಿಂದ ಕೊಬ್ಬಷ್ಟೇ ಅಲ್ಲ, ಕರುಳಿನೊಳಗೇ ತಯಾರಾಗುವ ಕೊಬ್ಬಿನಾಮ್ಲವೂ ಉಂಟು. ರಾಗಿ, ಕಾಳುಗಳಲ್ಲಿನ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಬ್ಯುಟಿರೇಟ್ ಹುಟ್ಟುತ್ತದೆ. ಇಲಿಗಳಲ್ಲಿ ಅದು ರೋಗನಿರೋಧವನ್ನು ಹದದಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತದೆ.