ಕರಾರಿಗೆ ಸಹಿ ಹಾಕದ ಫಿಸಿಯೊಗಳು

ನೆದರ್ಲೆಂಡ್ಸ್‌ನಲ್ಲಿ ಫಿಸಿಯೊಥೆರಪಿ ಬಹುಮಟ್ಟಿಗೆ ಖಾಸಗಿ ಕಸುಬು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರೂ ಇದ್ದಾರೆ. ಆದರೆ ಬಡಾವಣೆಯ ರಸ್ತೆಗಳಲ್ಲಿ ಕೆಲವರೇ ಸೇರಿ ನಡೆಸುವ ಸಣ್ಣ ಕ್ಲಿನಿಕ್ಕುಗಳ ಪಾಲೇ ದೊಡ್ಡದು. ಕ್ಲಿನಿಕ್ಕು ಅವರದೇ, ದುಡ್ಡು ಮಾತ್ರ ಹೆಚ್ಚಾಗಿ ವಿಮಾ ಕಂಪನಿಯದು. ಆ ದುಡ್ಡು ಬರಬೇಕಾದರೆ ಕಂಪನಿಯೊಂದಿಗೆ ಕರಾರು ಇರಬೇಕು. ಮುಂದಿನ ವರ್ಷದ ಕರಾರು ವೆಕೋಜೊ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬಂದು ಕೂರುತ್ತದೆ. ದರ ಅದರಲ್ಲೇ ನಮೂದಾಗಿರುತ್ತದೆ, ಷರತ್ತುಗಳೂ ಅಷ್ಟೇ. ಬೇಕಾದರೆ ಒಪ್ಪು, ಬೇಡವಾದರೆ ಬಿಡು ಎಂಬಂತಿರುವ ಈ ಕಾಗದವನ್ನು ಕರಾರು ಎನ್ನಬೇಕೋ ಸುತ್ತೋಲೆ ಎನ್ನಬೇಕೋ ಎಂಬಲ್ಲಿಂದಲೇ ಜಗಳ ಶುರುವಾಗುತ್ತದೆ.

ಈ ದೇಶದ ಫಿಸಿಯೊಗಳು ಸಂಘಟನೆಗೆ ಹೊಸಬರಲ್ಲ. ಅವರ ಸಂಘ ಹುಟ್ಟಿದ್ದು 1889ರಲ್ಲಿ; ಇಂದು ಅದು ಕೆಎನ್‌ಜಿಎಫ್ ಎಂಬ ಹೆಸರಿನಲ್ಲಿದೆ. ಕಸುಬಿನ ಆರ್ಥಿಕ ನೆಲೆ ಅಲುಗಾಡಿದ್ದು ಈ ಶತಮಾನದಲ್ಲಿ. 2004ರಲ್ಲಿ ವಯಸ್ಕರ ಫಿಸಿಯೊಥೆರಪಿಯ ಬಹುಭಾಗವನ್ನು ಕಡ್ಡಾಯ ವಿಮೆಯಿಂದ ಹೊರಗಿಟ್ಟರು. 2005ರಲ್ಲಿ ಸರ್ಕಾರ ದರ ನಿಗದಿ ಮಾಡುವುದನ್ನು ಪ್ರಯೋಗಾರ್ಥ ಕೈಬಿಟ್ಟಿತು, 2008ರಲ್ಲಿ ಅದನ್ನೇ ಕಾಯಂ ಮಾಡಿತು. ನಡುವೆ 2006ರ ಜನವರಿ 1ರಂದು ಹೊಸ ಆರೋಗ್ಯ ವಿಮಾ ಕಾಯ್ದೆ ಜಾರಿಗೆ ಬಂತು: ದೇಶದಲ್ಲಿ ನೆಲೆಸಿರುವ ಎಲ್ಲರೂ ಖಾಸಗಿ ಕಂಪನಿಯೊಂದರಿಂದ ಮೂಲ ವಿಮೆ ಕೊಳ್ಳಲೇಬೇಕು, ಕಂಪನಿಯೂ ಬಂದವರಿಗೆಲ್ಲ ಅದನ್ನು ಕೊಡಲೇಬೇಕು. ಅದೇ ವರ್ಷದಿಂದ ಫಿಸಿಯೊ ಬಳಿ ಹೋಗಲು ವೈದ್ಯರ ಚೀಟಿಯೂ ಬೇಡವಾಯಿತು. ವೈದ್ಯರು ಕಾಯುತ್ತಿದ್ದ ಬಾಗಿಲನ್ನು ಈಗ ಕರಾರು ಕಾಯುತ್ತಿದೆ ಎಂದರೆ ತಪ್ಪಾಗದು.

ಮೂಲ ವಿಮೆ ಏನನ್ನು ಕೊಡುತ್ತದೆ ಎಂಬುದು ಸ್ವಲ್ಪ ಗೋಜಲು. ಪಾರ್ಶ್ವವಾಯು, ಪಾರ್ಕಿನ್‌ಸನ್ಸ್ ಮುಂತಾದವುಗಳಿರುವ ಒಂದು ಪಟ್ಟಿ ಇದೆ. ಅದನ್ನು ರೂಪಿಸಿದ ಕಾಲದ ಆರೋಗ್ಯ ಸಚಿವೆಯ ಹೆಸರಿನಿಂದ ಬೊರ್ಸ್ಟ್ ಪಟ್ಟಿ ಎಂದು ಕರೆಯುತ್ತಿದ್ದರು. ಕಾಯಿಲೆ ಆ ಪಟ್ಟಿಯಲ್ಲಿದ್ದರೂ ವಯಸ್ಕರು ಮೊದಲ ಕೆಲವು ಸೆಷನ್ನುಗಳ ಖರ್ಚನ್ನು ತಾವೇ ನೋಡಿಕೊಳ್ಳಬೇಕು. ಮೊದಲು 9 ಇದ್ದ ಈ ಸಂಖ್ಯೆ 2011ರಲ್ಲಿ 12 ಆಯಿತು, ಮರುವರ್ಷವೇ 20ಕ್ಕೆ ಏರಿತು. ಅಂದರೆ ಮೂಲ ವಿಮೆ ಕಣ್ಣು ಬಿಡುವುದು 21ನೇ ಸೆಷನ್ನಿಗೆ. ಆಗಲೂ ವರ್ಷಕ್ಕೆ 385 ಯೂರೊ ಕಡ್ಡಾಯ ಸ್ವಂತ ಪಾಲು ತೀರಿರಬೇಕು. ಕೆಲವು ವಿನಾಯಿತಿಗಳಿವೆ: ಸೊಂಟ ಅಥವಾ ಮೊಣಕಾಲಿನ ಕೀಲು ಸವೆತಕ್ಕೆ ಮೊದಲಿನಿಂದಲೇ 12 ಸೆಷನ್ ಸಿಗುತ್ತವೆ, ನಡೆದರೆ ಕಾಲು ಹಿಡಿದುಕೊಳ್ಳುವ ರಕ್ತನಾಳದ ತೊಂದರೆಗೆ 37. ಮಾಮೂಲಿ ಬೆನ್ನುನೋವಿಗೆ ಏನೂ ಇಲ್ಲ. ಅದಕ್ಕೆಲ್ಲ ಜನ ಹೆಚ್ಚುವರಿ ವಿಮೆ ಕೊಳ್ಳುತ್ತಾರೆ, ಇಲ್ಲವೇ ಜೇಬಿಗೆ ಕೈ ಹಾಕುತ್ತಾರೆ.

ಮಾರುಕಟ್ಟೆ ಮುಕ್ತವಾಯಿತು ಎಂದಾಗ ಸಣ್ಣ ಕ್ಲಿನಿಕ್ಕುಗಳ ಎದುರಿಗೆ ಕೂತವರು ಸಣ್ಣವರಾಗಿರಲಿಲ್ಲ. ಝಿಲ್ವೆರನ್ ಕ್ರೌಸ್ ಮುಂತಾದ ಹೆಸರುಗಳಲ್ಲಿ ವಿಮೆ ಮಾರುವ ಆಖ್ಮೆಯ, ವಿಜಿಝಡ್, ಸಿಝಡ್, ಮೆನ್ಜಿಸ್ ಎಂಬ ನಾಲ್ಕು ಗುಂಪುಗಳ ಕೈಯಲ್ಲೇ ವಿಮೆಯ ಶೇ 80ಕ್ಕೂ ಹೆಚ್ಚು ಇದೆ. ಊರಿನಲ್ಲಿ ಒಂದು ಕಂಪನಿಯ ಪಾಲಿಸಿದಾರರೇ ಹೆಚ್ಚಿದ್ದರೆ ಆ ಒಂದು ಕರಾರು ಕೈತಪ್ಪಿದರೂ ಕ್ಲಿನಿಕ್ಕಿನ ಡೈರಿ ಖಾಲಿ. ಇಂಥಲ್ಲಿ ಒಗ್ಗಟ್ಟಾಗಿ ‘ಈ ದರಕ್ಕೆ ನಾವ್ಯಾರೂ ಸಹಿ ಹಾಕುವುದಿಲ್ಲ’ ಎಂದರಾಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಹಾಗೆ ಹೇಳುವಂತಿಲ್ಲ. ಕಾನೂನಿನ ಕಣ್ಣಿನಲ್ಲಿ ಪ್ರತಿ ಕ್ಲಿನಿಕ್ಕೂ ಒಂದು ಸ್ವತಂತ್ರ ಉದ್ಯಮ; ಉದ್ಯಮಗಳು ದರದ ಬಗ್ಗೆ ಮಾತಾಡಿಕೊಂಡರೆ ಅದು ಕೂಟ ಕಟ್ಟಿಕೊಂಡ ಅಪರಾಧ. ಸ್ಪರ್ಧಾ ಕಾಯ್ದೆ ಕೊಡುವ ರಿಯಾಯಿತಿ ಚಿಕ್ಕದು: ಎಂಟಕ್ಕಿಂತ ಹೆಚ್ಚಿಲ್ಲದ ಉದ್ಯಮಗಳು, ಎಲ್ಲರದೂ ಸೇರಿ ವಹಿವಾಟು 11 ಲಕ್ಷ ಯೂರೊ ಮೀರದಿದ್ದರೆ ಒಟ್ಟಿಗೆ ಮಾತುಕತೆ ನಡೆಸಬಹುದು. ಎಂಟು ಕ್ಲಿನಿಕ್ಕು ಒಂದು ಕಡೆ, ಲಕ್ಷಗಟ್ಟಲೆ ಪಾಲಿಸಿದಾರರಿರುವ ಕಂಪನಿ ಇನ್ನೊಂದು ಕಡೆ. ಕುಟುಂಬ ವೈದ್ಯರ ಸಂಘಕ್ಕೆ ಸ್ಪರ್ಧಾ ಪ್ರಾಧಿಕಾರ ಲಕ್ಷಾಂತರ ಯೂರೊ ದಂಡ ಹಾಕಿದ್ದುಂಟು. ನ್ಯಾಯಾಲಯ ವರ್ಷಗಳ ನಂತರ ಅದನ್ನು ರದ್ದು ಮಾಡಿತಾದರೂ, ಹುಟ್ಟಿದ ಭಯವನ್ನು ರದ್ದು ಮಾಡಲು ಯಾವ ನ್ಯಾಯಾಲಯಕ್ಕೂ ಆಗಲಿಲ್ಲ.

ದರದ ದೂರು ಜೋರಾಗಿ ಕೇಳಿಸುತ್ತದೆ. ಅರ್ಧ ಗಂಟೆಯ ಸೆಷನ್ನಿಗೆ ಸಿಗುವ ಮೊತ್ತ ಬಾಡಿಗೆ, ಸಂಬಳಗಳ ಏರಿಕೆಗೆ ತಕ್ಕಂತೆ ಏರಿಲ್ಲ ಎಂದು. ಆದರೆ ಜಗಳದ ಬೇರು ಇನ್ನೊಂದು ಕಡೆ ಇದೆ. ಎಷ್ಟು ಸೆಷನ್ ಬೇಕು ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ.

ಕಂಪನಿಗಳು ಇದಕ್ಕೆ ‘ಚಿಕಿತ್ಸಾ ಸೂಚ್ಯಂಕ’ ಎಂಬ ಅಳತೆಗೋಲನ್ನು ಬಳಸುತ್ತವೆ. ಒಂದು ಕ್ಲಿನಿಕ್ಕು ಒಬ್ಬ ರೋಗಿಗೆ ಸರಾಸರಿ ಎಷ್ಟು ಸೆಷನ್ ಕೊಟ್ಟಿತು ಎಂದು ಲೆಕ್ಕ ಹಾಕಿ, ರೋಗಿಗಳ ವಯಸ್ಸು, ಲಿಂಗ, ಕಾಯಿಲೆಗಳಿಗೆ ತಕ್ಕಂತೆ ಸರಿದೂಗಿಸಿ, ದೇಶದ ಸರಾಸರಿಯೊಂದಿಗೆ ಹೋಲಿಸುತ್ತಾರೆ. ಸರಾಸರಿ ಎಂದರೆ 100. ಒಂದೇ ಬಗೆಯ ರೋಗಿಗಳಿಗೆ ದೇಶದಲ್ಲಿ 10 ಸೆಷನ್ ಆಗುವಲ್ಲಿ ಒಂದು ಕ್ಲಿನಿಕ್ಕು 13 ಕೊಟ್ಟರೆ ಅದರ ಅಂಕ 130. ಅಂಕ ಏರಿದಷ್ಟೂ ಕಂಪನಿಯ ಹುಬ್ಬು ಏರುತ್ತದೆ: ಮೊದಲು ವಿವರಣೆ ಕೇಳಬಹುದು, ಆಮೇಲೆ ದರ ಇಳಿಸಬಹುದು, ಕೊನೆಗೆ ಕರಾರನ್ನೇ ನಿರಾಕರಿಸಬಹುದು.

ಕಂಪನಿಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸೆಷನ್ನಿಗಿಷ್ಟು ಎಂದು ಹಣ ಕೊಡುವ ವ್ಯವಸ್ಥೆ ‘ಇನ್ನೆರಡು ಸಲ ಬಂದು ಹೋಗಿ’ ಎನ್ನುವವರಿಗೇ ಲಾಭ ಕೊಡುತ್ತದೆ. ಅದರ ಭಾರ ಎಲ್ಲರ ಪ್ರೀಮಿಯಂ ಮೇಲೆ ಬೀಳುತ್ತದೆ. ಆದರೆ ಸರಾಸರಿಗೆ ರೋಗಿಯ ಮನೆ ಗೊತ್ತಿರುವುದಿಲ್ಲ. ಒಂಟಿಯಾಗಿರುವ, ಬಿದ್ದೇನೆಂಬ ಹೆದರಿಕೆಯಿಂದ ಕುರ್ಚಿ ಬಿಟ್ಟೇಳದ ಎಂಬತ್ತರ ಅಜ್ಜಿ ಮತ್ತು ಮಗಳ ಆಸರೆಯಲ್ಲಿ ದಿನವೂ ಮೆಟ್ಟಿಲು ಹತ್ತುವ ಎಂಬತ್ತರ ಇನ್ನೊಬ್ಬ ಅಜ್ಜಿ ಸೂಚ್ಯಂಕದ ಪಾಲಿಗೆ ಒಂದೇ. ಮೊದಲನೆಯವರು ಬಂದರೆ ಅಂಕ ಏರುತ್ತದೆ. ಎರಡೇ ಸಲ ಬಂದು ಹೋಗುವ ಕತ್ತುನೋವಿನ ತರುಣರು ಬಂದರೆ ಇಳಿಯುತ್ತದೆ. ಈ ಲೆಕ್ಕ ತಿಳಿದ ಕ್ಲಿನಿಕ್ಕಿಗೆ ಯಾವ ರೋಗಿ ಹಿತ, ಯಾವ ರೋಗಿ ಭಾರ ಎಂಬುದು ಪರೀಕ್ಷೆಯ ಮೇಜು ಹತ್ತುವ ಮೊದಲೇ ಗೊತ್ತಾಗಿಬಿಡುತ್ತದೆ. ಕಸುಬಿನವರಿಗೆ ನೋವು ತಂದಿರುವುದು ದರಕ್ಕಿಂತ ಇದೇ.

ಸಹಿ ಹಾಕದೆಯೂ ಕಸುಬು ನಡೆಸಬಹುದು, ಹಾಗೆ ನಡೆಸುತ್ತಿರುವವರೂ ಇದ್ದಾರೆ. ಆಗ ದರ ಅವರದೇ, ಸೂಚ್ಯಂಕದ ಕಾಟವಿಲ್ಲ. ತೊಂದರೆ ರೋಗಿಗೆ. ಕರಾರಿದ್ದರೆ ಕ್ಲಿನಿಕ್ಕೇ ಬಿಲ್ಲನ್ನು ನೇರವಾಗಿ ಕಂಪನಿಗೆ ಕಳಿಸುತ್ತದೆ. ಇಲ್ಲದಿದ್ದರೆ ರೋಗಿ ಮೊದಲು ತಾನೇ ತೆತ್ತು ಆಮೇಲೆ ಕ್ಲೇಮು ಹಾಕಬೇಕು. ಕ್ಲೇಮಿನ ಹಕ್ಕನ್ನು ಫಿಸಿಯೊಗೆ ಬರೆದುಕೊಟ್ಟು ಕಂಪನಿಯೇ ಅವರಿಗೆ ಹಣ ಕೊಡಲಿ ಎನ್ನೋಣವೆಂದರೆ, ಅದನ್ನೇ ನಿಷೇಧಿಸುವ ಷರತ್ತನ್ನು ಹಲವು ಪಾಲಿಸಿಗಳಲ್ಲಿ ಸೇರಿಸಿದ್ದಾರೆ. ಸಿಗುವ ಹಣವೂ ಪೂರ್ತಿಯಲ್ಲ. ಮೂಲ ವಿಮೆಯಲ್ಲಿ ಸಾಮಾನ್ಯವಾಗಿ ಕರಾರಿನ ದರದ ಶೇ 75–80.

ಈ ಶೇಕಡಾವಾರು ಲೆಕ್ಕದ ಹಿಂದೆ ವಿಮಾ ಕಾಯ್ದೆಯ 13ನೇ ಕಲಮು ಇದೆ. ಕರಾರಿಲ್ಲದವರ ಬಳಿ ಹೋದ ರೋಗಿಗೆ ಕಡಿಮೆ ಕೊಡಬಹುದು, ಆದರೆ ಹೋಗುವುದಕ್ಕೇ ಅಡ್ಡಿಯಾಗುವಷ್ಟು ಕಡಿಮೆ ಕೊಡುವಂತಿಲ್ಲ ಎಂಬುದು ಅದರ ತಿರುಳು. ಮಾನಸಿಕ ಆರೋಗ್ಯ ಸಂಸ್ಥೆಯೊಂದು ಸಿಝಡ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರ ಜುಲೈಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಆರೋಗ್ಯ ಸಚಿವೆ ಎಡಿತ್ ಸ್ಖಿಪರ್ಸ್ ಅಷ್ಟರಲ್ಲೇ ಈ ಕಲಮನ್ನು ಬದಲಿಸಿ, ಕರಾರಿಲ್ಲದ ಹಲವು ಬಗೆಯ ಚಿಕಿತ್ಸೆಗೆ ಏನೂ ಕೊಡದಿರಲು ಕಂಪನಿಗಳಿಗೆ ಅವಕಾಶ ನೀಡುವ ಮಸೂದೆ ತಂದಿದ್ದರು. ಅದೇ ಡಿಸೆಂಬರಿನಲ್ಲಿ ಮೇಲ್ಮನೆಯಲ್ಲಿ ಮಸೂದೆ ಬಿತ್ತು. ಆಡಳಿತ ಪಕ್ಷಗಳಲ್ಲಿ ಒಂದಾದ ಲೇಬರ್ ಪಕ್ಷದ ಮೂವರೇ ವಿರುದ್ಧ ಮತ ಹಾಕಿದ್ದರು. ಸರ್ಕಾರ ಉರುಳುವ ಹಂತಕ್ಕೆ ಬಂದು ಉಳಿಯಿತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ, ಕಂಪನಿಗಳು ಖರ್ಚನ್ನು ಬಿಗಿ ಹಿಡಿಯಬೇಕು, ವೈದ್ಯರನ್ನು ಆರಿಸುವ ಸ್ವಾತಂತ್ರ್ಯವೂ ಉಳಿಯಬೇಕು ಎಂಬ ಡಚ್ಚರ ದ್ವಂದ್ವ ಅಂದು ಬಯಲಿಗೆ ಬಂತು.

ಆದರೆ ಆ ಗೆಲುವು ಫಿಸಿಯೊಗಳಿಗೆ ಹೆಚ್ಚು ದಕ್ಕಲಿಲ್ಲ. 13ನೇ ಕಲಮಿನ ರಕ್ಷಣೆ ಇರುವುದು ಮೂಲ ವಿಮೆಗೆ ಮಾತ್ರ. ಮೊದಲ 20 ಸೆಷನ್ನು, ಬೆನ್ನುನೋವು, ಭುಜದ ನೋವುಗಳೆಲ್ಲ ಹೆಚ್ಚುವರಿ ವಿಮೆಯ ಪಾಲಾಗಿರುವುದರಿಂದ ಅಲ್ಲಿ ಪಾಲಿಸಿಯಲ್ಲಿ ಬರೆದದ್ದೇ ಕಾನೂನು. ವರ್ಷಕ್ಕೆ ಒಂಬತ್ತೇ ಸೆಷನ್ ಎನ್ನಬಹುದು, ಕರಾರಿಲ್ಲದವರಿಗೆ ಕಡಿಮೆ ಎನ್ನಬಹುದು, ಸೊನ್ನೆ ಎಂದೂ ಎನ್ನಬಹುದು.

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್‌ಗಳಲ್ಲಿ ಐಟಿ, ಎಂಜಿನಿಯರಿಂಗ್ ಕೆಲಸಕ್ಕೆಂದು ನೆಲೆಸಿರುವ ಕನ್ನಡಿಗರೂ ಬಂದ ನಾಲ್ಕು ತಿಂಗಳೊಳಗೆ ಮೂಲ ವಿಮೆ ಮಾಡಿಸಬೇಕು. ಕಂಪ್ಯೂಟರಿನ ಮುಂದೆ ಕೂತು ಕತ್ತು ಹಿಡಿದುಕೊಂಡ ದಿನ ಆ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ ಎಂಬುದು ಅಲ್ಲಿಯವರೆಗೆ ಅನೇಕರಿಗೆ ಗೊತ್ತಿರುವುದಿಲ್ಲ. ಕಂಪನಿಗಳು ಹೊಸ ಪ್ರೀಮಿಯಂ ಪ್ರಕಟಿಸಲು ನವೆಂಬರ್ 12ರ ಗಡುವಿದೆ. ಕಂಪನಿ ಬದಲಿಸಲು ಬಯಸುವವರು ಡಿಸೆಂಬರ್ 31ರೊಳಗೆ ಹಳೆಯ ಪಾಲಿಸಿ ರದ್ದು ಮಾಡಿಸಬೇಕು. ಆ ಏಳು ವಾರಗಳಲ್ಲಿ ಪಾಲಿಸಿಗಳನ್ನು ಹೋಲಿಸುವ ರೋಗಿ ತನ್ನ ಬೀದಿಯ ಫಿಸಿಯೊ ಯಾವ ಕರಾರಿಗೆ ಸಹಿ ಹಾಕಿದ್ದಾರೆ ಎಂದು ಕೇಳಿದರೆ, ಅವರೂ ಆಗಿನ್ನೂ ವೆಕೋಜೊದ ಪುಟ ತೆರೆದು ಯೋಚಿಸುತ್ತಾ ಕೂತಿರಬಹುದು.