‘ಅಡ್ಮಿನ್ ಜೈಲಿಗೆ ಹೋಗ್ತಾನೆ’, ‘ರಿಜಿಸ್ಟರ್ ಆಗದ ಸಂಘಕ್ಕೆ ಬೆಲೆ ಇಲ್ಲ’: ಬಡಾವಣೆ ಸಂಘಗಳ ಬಗ್ಗೆ ಕೇಳಿಬರುವ ಐದು ಮಾತುಗಳಲ್ಲಿ ಎಷ್ಟು ನಿಜ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಯಾವುದೇ ಹೊಸ ಬಡಾವಣೆಗೆ ಹೋದರೂ ಕಷ್ಟಗಳು ಹೆಚ್ಚುಕಡಿಮೆ ಒಂದೇ. ಬೀದಿದೀಪ ಉರಿಯುವುದಿಲ್ಲ, ಚರಂಡಿ ಕಟ್ಟಿಕೊಂಡಿದೆ, ಕಸದ ಗಾಡಿ ಬರುವುದಿಲ್ಲ. ಒಂದು ದಿನ ಹತ್ತು ಜನ ಸೇರಿ ‘ನಾವೇ ಒಂದು ಸಂಘ ಮಾಡೋಣ’ ಅನ್ನುತ್ತಾರೆ. ಅವತ್ತೇ ವಾಟ್ಸಾಪ್ ಗ್ರೂಪ್ ಶುರುವಾಗುತ್ತದೆ. ಮೂರು ತಿಂಗಳಾದ ಮೇಲೆ ನೋಡಿದರೆ ಚರಂಡಿ ಹಾಗೇ ಇರುತ್ತದೆ, ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ ಬರುತ್ತಿರುತ್ತವೆ.

ಇದಕ್ಕೆ ಜನರ ಸೋಮಾರಿತನ ಕಾರಣ ಎಂದು ಹೇಳುವುದು ಸುಲಭ. ಆದರೆ ಅರ್ಧ ಸಮಸ್ಯೆ ಇರುವುದು ಸಂಘದ ಬಗ್ಗೆ ನಾವು ನಂಬಿಕೊಂಡಿರುವ ತಪ್ಪು ಮಾತುಗಳಲ್ಲಿ. ಅಂಥ ಐದು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ‘ರಿಜಿಸ್ಟರ್ ಮಾಡಿಸದೆ ಸಂಘ ನಡೆಸುವುದು ಕಾನೂನುಬಾಹಿರ’

ತಪ್ಪು. ಸಂಘ ಕಟ್ಟಿಕೊಳ್ಳುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ. ನಾಲ್ಕು ಮನೆಯವರು ಸೇರಿ ಬೀದಿ ಗುಡಿಸಲು, ಗಿಡ ನೆಡಲು, ಪುರಸಭೆಗೆ ಮನವಿ ಕೊಡಲು ಯಾರ ಅನುಮತಿಯೂ ಬೇಕಿಲ್ಲ.

ಹಾಗಾದರೆ ನೋಂದಣಿ ಯಾಕೆ? ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಆಸ್ತಿ ಅಥವಾ ಕೋರ್ಟ್ ವ್ಯವಹಾರ ಇದ್ದರೆ ನೋಂದಣಿ ನೆರವಾಗುತ್ತದೆ. ಕರ್ನಾಟಕದಲ್ಲಿ ಇದು ನಡೆಯುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ. ಕನಿಷ್ಠ 7 ಜನ ವಯಸ್ಕರು ಬೇಕು, ಜೊತೆಗೆ ಸಂಘದ ಉದ್ದೇಶ ಮತ್ತು ನಿಯಮಗಳನ್ನು ಬರೆದು ಕೊಡಬೇಕು.

ನೋಂದಣಿಯ ದಿನ ಫೋಟೋ ತೆಗೆಸಿಕೊಂಡು ಸುಮ್ಮನಾಗುವ ಹಾಗಿಲ್ಲ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಬೇಕು. ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಮಾಡಲು ಒಬ್ಬರೂ ಸಿದ್ಧರಿಲ್ಲದಿದ್ದರೆ ನೋಂದಣಿಗೆ ಅವಸರ ಬೇಡ. ಮೊದಲ ವರ್ಷ ಕೆಲಸ ಮಾಡಿ ತೋರಿಸಿ. ಹಣ ಸೇರಲು ಶುರುವಾದ ಮೇಲೆ ನೋಂದಣಿ ಮಾಡಿಸಿ.

ಮಾತು 2: ‘ಪ್ರತಿ ಊರಿನ ಪ್ರತಿ ವಾರ್ಡಿಗೂ ಸರ್ಕಾರಿ ವಾರ್ಡ್ ಸಮಿತಿ ಕಡ್ಡಾಯ, ಸಂಘ ಯಾಕೆ ಬೇಕು?’

ಅರ್ಧ ಸತ್ಯ. ವಾರ್ಡ್ ಸಮಿತಿಯ ಮಾತು ಬರುವುದು ಸಂವಿಧಾನದ 243ಎಸ್ ವಿಧಿಯಲ್ಲಿ. 74ನೇ ತಿದ್ದುಪಡಿಯ ಮೂಲಕ 1993ರಲ್ಲಿ ಜಾರಿಗೆ ಬಂದ ಈ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ನಗರಗಳಿಗೆ ಮಾತ್ರ. ನಮ್ಮ ನಾಲ್ಕು ಊರುಗಳಲ್ಲಿ ಯಾವುದೂ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ.

ಅಂದರೆ ಬೆಂಗಳೂರಿನ ವಾರ್ಡ್ ಸಮಿತಿಯ ಬಗ್ಗೆ ಬಂದ ಸಂದೇಶವನ್ನು ಜಗಳೂರಿನ ಗ್ರೂಪಿಗೆ ಹಾಕಿದರೆ ಉಪಯೋಗವಿಲ್ಲ. ಚಿಕ್ಕ ಊರುಗಳಲ್ಲಿ ಜನರಿಗೂ ಸ್ಥಳೀಯ ಆಡಳಿತಕ್ಕೂ ನಡುವಿನ ಕೊಂಡಿ ಇಂಥ ಸ್ವಯಂಸೇವಾ ಸಂಘವೇ.

ಇಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ. ಊರಂಚಿನ ಎಷ್ಟೋ ಬಡಾವಣೆಗಳು ಪಟ್ಟಣದ ಹೆಸರಿನಲ್ಲಿದ್ದರೂ ಆಡಳಿತದ ಲೆಕ್ಕದಲ್ಲಿ ಪಕ್ಕದ ಗ್ರಾಮ ಪಂಚಾಯಿತಿಗೆ ಸೇರಿರುತ್ತವೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಾಮ ಪಂಚಾಯಿತಿ ಎಂದಿದ್ದರೆ, 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ನಡೆಯುವ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಎದ್ದು ಮಾತನಾಡುವ ಹಕ್ಕು ನಿಮಗಿದೆ. ತಪ್ಪು ಕಚೇರಿಗೆ ಹತ್ತು ಮನವಿ ಕೊಡುವುದಕ್ಕಿಂತ ಸರಿಯಾದ ಕಚೇರಿಗೆ ಒಂದು ಕೊಡುವುದು ಮೇಲು.

ಮಾತು 3: ‘ಜನ ಜಾಸ್ತಿ ಸೇರಿದಷ್ಟೂ ಕೆಲಸ ಬೇಗ ಆಗುತ್ತದೆ’

ಯಾವಾಗಲೂ ಹಾಗಾಗುವುದಿಲ್ಲ. ಇದಕ್ಕೆ ನೂರು ವರ್ಷ ಹಳೆಯ ಒಂದು ಪ್ರಯೋಗವಿದೆ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದರು. 1913ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 8 ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಅವರು ಒಂಟಿಯಾಗಿ ಎಳೆಯುವಾಗ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಸಲಕ್ಕೆ ಎಳೆಯಲಾಗದೆ ಹೀಗಾಯಿತೇ? 1974ರಲ್ಲಿ ಅಮೆರಿಕದಲ್ಲಿ ಇದನ್ನು ಮತ್ತೆ ಪರೀಕ್ಷಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಒಬ್ಬರೇ ಹಗ್ಗ ಎಳೆಯುತ್ತಿದ್ದರು, ಹಿಂದೆ ಇದ್ದವರು ಎಳೆಯುವ ನಟನೆ ಮಾತ್ರ ಮಾಡುತ್ತಿದ್ದರು. ಆಗಲೂ ಬಲ ಕಡಿಮೆಯಾಯಿತು. ‘ಹಿಂದೆ ಜನ ಇದ್ದಾರೆ’ ಅಂದುಕೊಂಡರೇ ಸಾಕು, ನಮಗೆ ಗೊತ್ತಿಲ್ಲದ ಹಾಗೆ ಕೈ ಸಡಿಲವಾಗುತ್ತದೆ.

ಗ್ರೂಪಿನಲ್ಲಿ 120 ಜನರಿದ್ದು ‘ಭಾನುವಾರ ಎಲ್ಲರೂ ಬನ್ನಿ’ ಎಂದು ಹಾಕಿದರೆ ಯಾರೂ ಬರದಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣವನ್ನು ಸ್ವಿಟ್ಜರ್ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ತೋರಿಸಿದರು. ಎಲ್ಲರಿಗೂ ಲಾಭವಾಗುವ ಒಂದು ನಿಧಿಗೆ ಹಣ ಹಾಕುವ ಆಟವನ್ನು ವಿದ್ಯಾರ್ಥಿಗಳಿಂದ ಆಡಿಸಿದರು. ಪ್ರಯೋಗ ಚಿಕ್ಕದೇ. ಸುಮಾರು ಅರ್ಧದಷ್ಟು ಜನ ‘ಬೇರೆಯವರು ಹಾಕಿದರೆ ನಾನೂ ಹಾಕುತ್ತೇನೆ’ ಎನ್ನುವವರು. ಸುಮಾರು ಮೂರನೇ ಒಂದು ಭಾಗ ಏನನ್ನೂ ಹಾಕದವರು. ಹಾಗಾಗಿ ನಿಮ್ಮ ಬೀದಿಯಲ್ಲಿ ಕೈಕಟ್ಟಿ ನಿಂತವರೆಲ್ಲ ಸ್ವಾರ್ಥಿಗಳು ಎಂದುಕೊಳ್ಳಬೇಡಿ. ಹಲವರು ಬೇರೆಯವರು ಶುರುಮಾಡುವುದನ್ನು ಕಾಯುತ್ತಿರುತ್ತಾರೆ.

‘ಹತ್ತು ಜನರ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ’ ಎಂಬ ಗಾದೆ ಸುಳ್ಳಲ್ಲ. ಆದರೆ ಯಾವ ಕಡ್ಡಿ ಯಾರದು ಎಂದು ಹಂಚಿರಬೇಕು. ನಮ್ಮ ಹಳೆಯ ಕೆರೆ ವ್ಯವಸ್ಥೆಯಲ್ಲಿ ಕೆರೆ ಇಡೀ ಊರಿನದಾದರೂ ಗದ್ದೆಗಳಿಗೆ ನೀರು ಹಂಚುವ ಹೊಣೆ ನೀರುಗಂಟಿಯದಾಗಿತ್ತು. ಕೆರೆ, ಕಾಡು, ಹುಲ್ಲುಗಾವಲುಗಳನ್ನು ಜನರೇ ನಡೆಸಿಕೊಂಡ ಬಗೆಯನ್ನು ಜಗತ್ತಿನ ಹಲವು ಕಡೆ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದೂ ಇದನ್ನೇ ಹೋಲುತ್ತದೆ: ನಿಯಮಗಳನ್ನು ಬಳಸುವವರೇ ಮಾಡಿಕೊಂಡ, ಪಾಲನೆಯನ್ನು ಗಮನಿಸಲು ಯಾರಾದರೂ ಇದ್ದ, ತಪ್ಪಿದವರಿಗೆ ಮೊದಲು ಚಿಕ್ಕ ಎಚ್ಚರಿಕೆ ಕೊಟ್ಟ ಕಡೆ ವ್ಯವಸ್ಥೆ ಬಾಳಿತು.

ಆದ್ದರಿಂದ ‘ಎಲ್ಲರೂ ಬನ್ನಿ’ ಅನ್ನುವ ಬದಲು ‘2ನೇ ಅಡ್ಡರಸ್ತೆಯ ಚರಂಡಿ, ಭಾನುವಾರ ಬೆಳಿಗ್ಗೆ 7 ಗಂಟೆ, ಈ ನಾಲ್ವರು’ ಎಂದು ಹೆಸರು ಹಾಕಿ. ಮುಗಿದ ಮೇಲೆ ಫೋಟೋ ಹಾಕಿ. ಕಾಯುತ್ತಿರುವವರು ಮುಂದಿನ ವಾರ ತಾವೇ ಬರಬಹುದು.

ಮಾತು 4: ‘ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ ಜೈಲಿಗೆ ಹೋಗುತ್ತಾನೆ’

ಹೀಗೆಯೇ ಅಲ್ಲ. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ, ಬರೀ ಅಡ್ಮಿನ್ ಆಗಿದ್ದಾರೆ ಎಂಬ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ‘ಮೂರು ನೀಲಿ ಟಿಕ್ ಬಂದರೆ ಸರ್ಕಾರ ಓದಿದೆ ಎಂದರ್ಥ’ ಎಂಬ ಸಂದೇಶವೂ ಸುಳ್ಳು. ವಾಟ್ಸಾಪ್‌ನಲ್ಲಿ ಮೂರನೇ ಟಿಕ್ಕೇ ಇಲ್ಲ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅಡ್ಮಿನ್ ತಾನೇ ಸುಳ್ಳು ಹಬ್ಬಿಸಿದರೆ, ಪ್ರಚೋದಿಸಿದರೆ ಅಥವಾ ಕೃತ್ಯದಲ್ಲಿ ಕೈಜೋಡಿಸಿದರೆ ಕೇಸ್ ಆಗುತ್ತದೆ.

ಇದರ ಬೆಲೆ ಏನೆಂದು ನಮ್ಮ ರಾಜ್ಯ ನೋಡಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ಶಂಕೆಯಲ್ಲಿ ಒಬ್ಬ ವಲಸೆ ಕಾರ್ಮಿಕನನ್ನು ಹೊಡೆದು ಕೊಂದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಹೀಗೇ ಸತ್ತರು. ಅವರ ತಂಡದಲ್ಲಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ನೆಪವಾಯಿತು. ‘ಮಕ್ಕಳ ಕಳ್ಳರು ಬರುತ್ತಿದ್ದಾರೆ, ತಡೆಯಿರಿ’ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದರು ಎಂದು ಆಗ ವರದಿಯಾಗಿತ್ತು. ದೇಶದಲ್ಲಿ ಇಂಥ ಸಾವುಗಳು ಹೆಚ್ಚಿದ ಮೇಲೆ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವ ಮಿತಿಯನ್ನು ಒಮ್ಮೆಗೆ 5 ಚಾಟ್‌ಗಳಿಗೆ ಇಳಿಸಿತು.

ಊರಿನವರೇ ಇರುವ ಗ್ರೂಪಿನಲ್ಲಿ ಬಂದ ಸುದ್ದಿಯನ್ನು ನಾವು ಬೇಗ ನಂಬುತ್ತೇವೆ. ಹಾಕಿದವರು ಪಕ್ಕದ ಮನೆಯ ಅಣ್ಣನೋ ಅಕ್ಕನೋ ಆಗಿರುತ್ತಾರಲ್ಲ. ಆದರೆ ಆ ಅಣ್ಣನೂ ಅದನ್ನು ಇನ್ನೆಲ್ಲಿಂದಲೋ ಫಾರ್ವರ್ಡ್ ಮಾಡಿರುತ್ತಾರೆ. ಆದ್ದರಿಂದ ಸಂಘದ ಮೊದಲ ನಿಯಮ ಇದಾಗಿರಲಿ: ಅಪರಿಚಿತರ ಬಗ್ಗೆ ಅನುಮಾನ ಬಂದರೆ ಗ್ರೂಪಿಗಲ್ಲ, 112ಕ್ಕೆ ತಿಳಿಸಬೇಕು. ಮಗುವಿಗೆ ತೊಂದರೆ ಎಂದು ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಯಾರದೇ ಮುಖದ ಫೋಟೋ ಹಾಕಿ ‘ಕಳ್ಳ’ ಎಂದು ಬರೆಯಬಾರದು.

ಮಾತು 5: ‘ಲೆಕ್ಕ ಕೇಳುವುದು ಎಂದರೆ ಅನುಮಾನಪಟ್ಟ ಹಾಗೆ’

ಇದು ಎಲ್ಲಕ್ಕಿಂತ ಹೆಚ್ಚು ಸಂಘಗಳನ್ನು ಕೆಡಿಸುವ ಮಾತು ಇರಬಹುದು. 60 ಮನೆಗಳು ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 36,000 ರೂಪಾಯಿ ಆಗುತ್ತದೆ. ಅದು ಒಬ್ಬರ ಸ್ವಂತ ಫೋನ್‌ಪೇಗೆ ಬಂದು ಸೇರಿದರೆ, ಅವರು ಎಷ್ಟೇ ಪ್ರಾಮಾಣಿಕರಾದರೂ ಮನೆಯ ಹಣ ಯಾವುದು, ಸಂಘದ ಹಣ ಯಾವುದು ಎಂದು ತೋರಿಸುವುದು ಅವರಿಗೇ ಕಷ್ಟ. ಲೆಕ್ಕವಿದ್ದರೆ ಮೊದಲು ರಕ್ಷಣೆ ಸಿಗುವುದು ಖಜಾಂಚಿಗೆ.

ಮಾಡಬೇಕಾದದ್ದು ಇಷ್ಟೇ. ಇಬ್ಬರ ಸಹಿ ಬೇಕಾಗುವ ಖಾತೆ ಇಡಿ. ಕೊಟ್ಟ ಪ್ರತಿ ಹಣಕ್ಕೂ ರಸೀದಿ ಕೊಡಿ. ತಿಂಗಳ ಕೊನೆಯಲ್ಲಿ ಲೆಕ್ಕದ ಪುಟದ ಫೋಟೋವನ್ನು ಗ್ರೂಪಿಗೆ ಹಾಕಿ. ಚಂದಾ ಕೊಡಲಾಗದ ಮನೆಯವರ ಹೆಸರು ಮಾತ್ರ ಹಾಕಬೇಡಿ. ಕೂಲಿ ಇಲ್ಲದ ತಿಂಗಳು ಯಾರ ಮನೆಗೂ ಬರಬಹುದು. ನೋಂದಾಯಿತ ಸಂಘದಲ್ಲಿ ಲೆಕ್ಕ ಕೊಡದೇ ಹೋದರೆ ಮೂರನೇ ಒಂದು ಭಾಗದಷ್ಟು ಸದಸ್ಯರು ಸೇರಿ ನೋಂದಣಾಧಿಕಾರಿಯಿಂದ ವಿಚಾರಣೆ ಕೋರಲು ಕಾಯ್ದೆಯ 25ನೇ ಪ್ರಕರಣದಲ್ಲಿ ಅವಕಾಶವಿದೆ.

ಇದೇ ನಿಯಮ ಸರ್ಕಾರಕ್ಕೂ ಅನ್ವಯಿಸುತ್ತದೆ. ಬೀದಿದೀಪಕ್ಕೆ ಎಷ್ಟು ಖರ್ಚಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಉಚಿತ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಈ ಹಕ್ಕನ್ನು ಕಾಯ್ದೆ ಕೊಟ್ಟಿರುವುದು ನಾಗರಿಕರಿಗೆ, ಹಾಗಾಗಿ ಸಂಘದ ಹೆಸರಿನ ಬದಲು ಒಬ್ಬ ಸದಸ್ಯರ ಹೆಸರಿನಲ್ಲಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದದೊಳಗೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಸಂಘ ಶುರುಮಾಡಲು ನೋಂದಣಿ ಬೇಕಿಲ್ಲ. ಹಣ ಸೇರತೊಡಗಿದ ಮೇಲೆ ಮಾಡಿಸಿ.
• ಮೊದಲು ಕಂದಾಯದ ರಸೀದಿ ನೋಡಿ: ಪುರಸಭೆಯೋ, ಪಟ್ಟಣ ಪಂಚಾಯಿತಿಯೋ, ಗ್ರಾಮ ಪಂಚಾಯಿತಿಯೋ?
• ‘ಎಲ್ಲರೂ’ ಎನ್ನಬೇಡಿ. ಕೆಲಸ, ದಿನ, ಹೆಸರು ಬರೆಯಿರಿ.
• ಮಕ್ಕಳ ಕಳ್ಳರ ಸಂದೇಶ ಬಂದರೆ ಅಲ್ಲೇ ನಿಲ್ಲಿಸಿ, 112ಕ್ಕೆ ಕರೆ ಮಾಡಿ.
• ತಿಂಗಳಿಗೊಮ್ಮೆ ಲೆಕ್ಕದ ಫೋಟೋ ಹಾಕಿ.

ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ, ಒಂದು ಬೀದಿಯ ಚರಂಡಿ ಹರಿಯುವಂತಾದರೆ ಮುಂದಿನ ಬೀದಿಯವರು ಬಂದು ‘ಹೇಗೆ ಮಾಡಿದ್ರಿ?’ ಎಂದು ಕೇಳುತ್ತಾರೆ. ಆಗ ಅವರಿಗೆ ನಿಮ್ಮ ಲೆಕ್ಕದ ಪುಸ್ತಕವನ್ನೇ ತೋರಿಸಿ.